ಗುಂಡಿನ ವೇಗ, ಗಾಯದ ಆಳ

ಗುಂಡು ಎಷ್ಟು ವೇಗವಾಗಿ ಬಡಿಯುತ್ತದೆಯೋ ಅಷ್ಟೇ ಆಳಕ್ಕೆ ಇಳಿಯುತ್ತದೆ ಎಂಬ ನಂಬಿಕೆಯನ್ನು ಬೇಟೆಯ ಇತಿಹಾಸ ಮತ್ತೆ ಮತ್ತೆ ಸುಳ್ಳಾಗಿಸಿದೆ. ಆ ಇತಿಹಾಸದ ಸೊಗಸಾದ ಅಧ್ಯಾಯವೊಂದು ನಡೆದದ್ದು ಮೈಸೂರು ಸೀಮೆಯ ಕಾಡುಗಳಲ್ಲಿ.

1864ರಲ್ಲಿ ಭಾರತಕ್ಕೆ ಬಂದು, ಕನ್ನಡ ಕಲಿತು, ಚಾಮರಾಜನಗರದ ಸುತ್ತ ಖೆಡ್ಡಾ ಹೂಡಿ ಆನೆಗಳನ್ನು ಹಿಡಿದ ಜಿ. ಪಿ. ಸ್ಯಾಂಡರ್ಸನ್ ತನ್ನ ಅನುಭವಗಳನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅವನು ಆನೆಗೆಂದು ಹೊತ್ತದ್ದು ನಾಲ್ಕು ಬೋರಿನ ಕೋವಿ, ಅಂದರೆ ಒಂದು ಪೌಂಡ್ ಸೀಸದಲ್ಲಿ ನಾಲ್ಕೇ ಗುಂಡು ಎರಕವಾಗುವಷ್ಟು ಅಗಲದ ನಳಿಕೆ. ಒಂದೊಂದು ಗುಂಡೂ ಸುಮಾರು 113 ಗ್ರಾಂ. ಅಂದಿನ ಕಪ್ಪು ಮದ್ದು ಹೆಚ್ಚಿನ ವೇಗ ಕೊಡಲಾರದ್ದರಿಂದ ಆಳವನ್ನು ತೂಕದಿಂದಲೇ ಗಳಿಸಬೇಕಿತ್ತು. ಆನೆಯ ತಲೆಬುರುಡೆ ಜೇನುಗೂಡಿನಂತೆ ಪೊಳ್ಳು ಪೊಳ್ಳಾಗಿದ್ದು, ಮಿದುಳು ಅದರ ಹಿಂಭಾಗದಲ್ಲಿ ಚಿಕ್ಕದಾಗಿ ಅಡಗಿರುತ್ತದೆ. ಮೆತ್ತನೆಯ ಸೀಸ ಅಲ್ಲಿಗೆ ತಲುಪುವ ಮೊದಲೇ ಚಪ್ಪಟೆಯಾಗುತ್ತಿದ್ದುದರಿಂದ ಆ ಕಾಲದ ಬೇಟೆಗಾರರು ಸೀಸಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿಮಾಡುತ್ತಿದ್ದರು.

1880ರ ದಶಕದಲ್ಲಿ ಹೊಗೆರಹಿತ ಮದ್ದು ಬಂದು ವೇಗ ಏರಿತು, ಸೀಸಕ್ಕೆ ಲೋಹದ ಕವಚವೂ ಬಂತು. ತುದಿಯವರೆಗೂ ಕವಚವಿರುವ 'ಸಾಲಿಡ್' ಗುಂಡು ಆಕಾರ ಕೆಡದೆ ನೇರ ಸಾಗುವುದರಿಂದ, ಆಫ್ರಿಕಾದಲ್ಲಿ ಡಬ್ಲ್ಯು. ಡಿ. ಎಂ. ಬೆಲ್ ಕೇವಲ 11 ಗ್ರಾಂ ತೂಕದ ಗುಂಡಿನಿಂದ ಆನೆಗಳನ್ನು ಉರುಳಿಸಿದನು. ತುದಿಯಲ್ಲಿ ಸೀಸ ತೆರೆದಿರುವ 'ಸಾಫ್ಟ್' ಗುಂಡಿನ ಕಥೆ ಬೇರೆ: ವೇಗ ಇಮ್ಮಡಿಯಾದರೆ ಅದರ ಶಕ್ತಿ ನಾಲ್ಮಡಿಯಾಗುವುದು ನಿಜವಾದರೂ, ಅತಿವೇಗದಲ್ಲಿ ಬಡಿದಾಗ ಅದು ಬೇಗನೆ ಅರಳಿ, ಅಗಲವಾದಷ್ಟೂ ಹೆಚ್ಚಿನ ತಡೆ ಎದುರಿಸಿ, ಕೆಲವೊಮ್ಮೆ ಚೂರಾಗಿ, ಮೇಲ್ಗಾಯದಲ್ಲೇ ನಿಂತುಬಿಡುತ್ತದೆ. ಅಮೆರಿಕದ ಜಾನ್ ನೋಸ್ಲರ್ 1940ರ ದಶಕದಲ್ಲಿ ಗುಂಡಿನ ನಡುವೆ ಲೋಹದ ಅಡ್ಡಗೋಡೆಯಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಉಳಿದು ಒಳನುಗ್ಗುವಂತೆ ಮಾಡಿದ್ದು ಈ ತೊಡಕಿಗೆ ಸಿಕ್ಕ ಜಾಣ ಪರಿಹಾರ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಯುಗಕ್ಕೆ ತೆರೆ ಎಳೆದದ್ದು ಒಳ್ಳೆಯದೇ ಆಯಿತು. ಏಕೆಂದರೆ ಗುಂಡು ಆಳಕ್ಕಿಳಿಯದೆ ಹೋದಾಗ ಪ್ರಾಣಿ ಸಾಯುತ್ತಿರಲಿಲ್ಲ, ಕುಂಟುತ್ತ ಕಾಡು ಸೇರುತ್ತಿತ್ತು. ಹಾಗೆ ಗಾಯಗೊಂಡು ಸಹಜ ಬೇಟೆಯಾಡಲಾರದೆ ನರಭಕ್ಷಕಗಳಾದ ಹುಲಿ ಚಿರತೆಗಳ ಕಥೆಗಳನ್ನು ಬೆಂಗಳೂರಿನ ಕೆನೆತ್ ಆಂಡರ್ಸನ್ ವಿವರವಾಗಿ ಬರೆದಿದ್ದಾನೆ. ಷೋಕಿಗೆಂದು ಹಾರಿಸಿದ ಗುಂಡಿನ ಲೆಕ್ಕ ತಪ್ಪಿದಾಗ ಅದರ ಬೆಲೆ ತೆತ್ತವರು ಕೋವಿಯನ್ನೇ ಮುಟ್ಟದ ದನಗಾಹಿಗಳು, ಸೌದೆಗೆ ಹೋದ ಹೆಂಗಸರು.