ಅವರೆಕಾಳೂ ಕೆರಳುವ ಕರುಳೂ

ಮಾಗಿಯ ಚಳಿಗೆ ಮಾತ್ರ ಕಾಯಿ ಕಚ್ಚುತ್ತಿದ್ದ ಅವರೆ ಈಗ ವರ್ಷದ ಉಳಿದ ತಿಂಗಳಲ್ಲೂ ಸಿಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲು ಗಿಡ್ಡವಾಗಲೆಂದು ಕಾಯದೆ ಹೂ ಬಿಡುತ್ತವೆ. ಸೊಗಡೆಲ್ಲ ನಾಟಿ ಅವರೆಯದೇ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಆದರೆ ಯಾವ ತಳಿಯ ಕಾಳು ಕಂಡರೂ ಹಿಂಜರಿಯುವವರು ಇನ್ನೊಂದು ಗುಂಪು. ಅವರಿಗಿರುವುದು ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್.

ಕಾಳುಗಳಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣಕರುಳಿನಲ್ಲಿಲ್ಲ. ಹಾಗೇ ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಇದು ಎಲ್ಲರಿಗೂ ಆಗುವಂಥದ್ದೇ. ಆದರೆ ಪಕ್ಕದಲ್ಲಿ ಕೂತು ಉಂಡವರಿಗೆ ಗೊತ್ತೇ ಆಗದಷ್ಟು ಗಾಳಿ, ಐಬಿಎಸ್ ಇರುವವರ ಸೂಕ್ಷ್ಮ ಕರುಳಿಗೆ ಕಿವುಚಿದಂಥ ನೋವು ಕೊಡುತ್ತದೆ.

ನಮ್ಮೂರಲ್ಲಿ ಹೊಟ್ಟೆಯ ಯಾವ ತಕರಾರಿಗೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ವೈದ್ಯರ ಲೆಕ್ಕ ಬೇರೆ. ಐಬಿಎಸ್ ಗುರುತಿಸಲು ಅವರು ಬಳಸುವ 2016ರ ರೋಮ್ ಮಾನದಂಡದ ಪ್ರಕಾರ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಅದರ ಜೊತೆ ಮಲವಿಸರ್ಜನೆಗೂ ನೋವಿಗೂ ನಂಟು, ಹೋಗುವ ಸರದಿಯಲ್ಲಿ ಏರುಪೇರು, ಮಲದ ಗಟ್ಟಿ-ತೆಳುವಿನಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡಾದರೂ ಕಾಣಬೇಕು. ತೊಂದರೆ ಶುರುವಾಗಿ 6 ತಿಂಗಳು ಕಳೆದಿರಬೇಕು.

ಅವರೆಯ ಮೇಲೆ ಹೊರಿಸುವ ಆರೋಪದಲ್ಲಿ ಅರ್ಧ ಪಾಲು ಈರುಳ್ಳಿ, ಬೆಳ್ಳುಳ್ಳಿಗೆ ಸಲ್ಲಬೇಕು. ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಮೂಟೆಗಟ್ಟಲೆ ಊರೊಳಗೆ ಬರುವ ಇವೆರಡರಲ್ಲೂ, ಗೋಧಿಯಲ್ಲೂ, ಫ್ರಕ್ಟಾನ್ ಎಂಬ ಜೀರ್ಣವಾಗದ ಪದಾರ್ಥವಿದೆ. ಮುದ್ದೆ ಊಟ ಮಾಡಿ ಹೊಟ್ಟೆ ಉಬ್ಬರಿಸಿದರೆ ಮುದ್ದೆಯನ್ನು ಬೈಯುವ ಮುಂಚೆ ಸಾರಿಗೆ ರುಬ್ಬಿ ಹಾಕಿದ್ದೇನು ಎಂದು ನೋಡುವುದು ಲೇಸು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಸಾರಿನಲ್ಲಿ ಕುದ್ದ ಬೆಳ್ಳುಳ್ಳಿಯ ಎಸಳನ್ನು ತಟ್ಟೆಯ ಅಂಚಿಗೆ ಎತ್ತಿಟ್ಟರೆ ಉಪಯೋಗವಿಲ್ಲ; ಎಣ್ಣೆಯಲ್ಲಿ ಬಾಡಿಸಿ, ಎಸಳನ್ನು ತೆಗೆದು, ಆ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟರೆ ಘಮವೂ ಉಳಿಯುತ್ತದೆ, ಹೊಟ್ಟೆಯೂ ಸುಮ್ಮನಿರುತ್ತದೆ. ಇಂಗೂ ಆದೀತು. ಡಬ್ಬಿಯ ಇಂಗಿಗೆ ಗೋಧಿಹಿಟ್ಟು ಬೆರೆಸಿರುವುದುಂಟು, ಚಿಟಿಕೆಗೆ ಭಯವಿಲ್ಲ.

ಹಳೆಯ ಅಡುಗೆಮನೆಯ ಕ್ರಮಗಳು ಇಲ್ಲಿ ಕೈಹಿಡಿಯುತ್ತವೆ. ಕಾಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ ಸಕ್ಕರೆಯ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಇಡ್ಲಿ ಹಿಟ್ಟು ಹುಳಿಯುವಾಗ ಉದ್ದಿನಲ್ಲಿರುವ ಇಂಥ ಸಕ್ಕರೆಗಳೂ ಕಡಿಮೆಯಾಗುತ್ತವೆ. ಹಾಲು ಒಗ್ಗದವರಿಗೆ ಮೊಸರು ಒಗ್ಗುವುದು ಇದೇ ಬಗೆಯಲ್ಲಿ, ಅದರ ಲ್ಯಾಕ್ಟೋಸನ್ನು ಬ್ಯಾಕ್ಟೀರಿಯಾ ಅಷ್ಟಿಷ್ಟು ತಿಂದು ಮುಗಿಸಿರುತ್ತವೆ.

ಇಂಥ ಸಕ್ಕರೆಗಳಿಗೆಲ್ಲ ಸೇರಿ ಫಾಡ್‌ಮ್ಯಾಪ್ ಎಂದು ಹೆಸರಿಟ್ಟವರು ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು, 2005ರಲ್ಲಿ. ಅವರ ಪಥ್ಯವನ್ನು ಬಹಳ ಮಂದಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಈ ಸಕ್ಕರೆಗಳಿರುವ ಆಹಾರವನ್ನು 2ರಿಂದ 6 ವಾರ ಬಿಟ್ಟು, ಆಮೇಲೆ ಒಂದೊಂದನ್ನೇ, ಸ್ವಲ್ಪಸ್ವಲ್ಪವಾಗಿ ಮರಳಿ ತಿಂದು ಯಾವುದು, ಎಷ್ಟು ಒಗ್ಗುತ್ತದೆಂದು ಗುರುತಿಸುವುದು ಅದರ ಮುಖ್ಯ ಭಾಗ. ಎಲ್ಲವನ್ನೂ ಕಾಯಂ ಬಿಟ್ಟು ಅನ್ನ-ತಿಳಿಸಾರಿಗೆ ಇಳಿದರೆ ಪೌಷ್ಟಿಕಾಂಶಕ್ಕೇ ಕುತ್ತು. ಈ ಹಂತಗಳನ್ನು ಆಹಾರತಜ್ಞರ ಜೊತೆ ಕೂತು ಮಾಡುವುದೇ ಸರಿ. ನಾರಿಗೆ ಇಸಬ್ಗೋಲ್ ಹಲವರಿಗೆ ಹಿತ. ಗೋಧಿಯ ತೌಡು ಕೆಲವರಿಗೆ ಉಬ್ಬರ ಹೆಚ್ಚಿಸುತ್ತದೆ.

ತಟ್ಟೆಯಾಚೆಗೂ ಕಾರಣಗಳಿವೆ. ಯಲಹಂಕದಿಂದ ಹೊರಟು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡವರಿಗೆ ಶೌಚಾಲಯದ ಚಿಂತೆ ಹತ್ತಿದರೆ ಅದೇ ಚಿಂತೆ ಕರುಳನ್ನು ಕೆರಳಿಸುತ್ತದೆ, ಏಕೆಂದರೆ ಮೆದುಳಿಗೂ ಕರುಳಿಗೂ ನರಗಳ ಮೂಲಕ ಎರಡೂ ಕಡೆಯಿಂದ ಸುದ್ದಿ ಓಡಾಡುತ್ತಿರುತ್ತದೆ. ಬೆಳಗಿನ ಫಿಲ್ಟರ್ ಕಾಫಿಯೂ ದೊಡ್ಡಕರುಳನ್ನು ಚುರುಕುಗೊಳಿಸುವಂಥದ್ದು. ಹೊರಡುವುದಕ್ಕೆ ಗಂಟೆ ಮೊದಲೇ ಕುಡಿದು, ಶೌಚ ಮುಗಿಸಿ ಬಸ್ ಹತ್ತುವುದು ಕೆಲವರು ಕಂಡುಕೊಂಡ ಉಪಾಯ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದುಕೊಂಡು ಪಥ್ಯ ಹಿಡಿಯದೆ ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಗೋಧಿ ತಿಂದರೆ ಕಾಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ಬಿಡುವ ಮುಂಚೆಯೇ ಮಾಡಿಸಬೇಕು. ಬಿಟ್ಟು ಹಲವು ವಾರಗಳಾದ ಮೇಲೆ ಕಾಯಿಲೆಯಿದ್ದರೂ ಫಲಿತಾಂಶ ಸರಿಯಿದೆ ಎಂದೇ ಬರಬಹುದು.