ಕೆಲಸ ಬಿಟ್ಟ ಮೇಲೆ ಆಸ್ಪತ್ರೆ ಖರ್ಚು ಯಾರದು?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬಕ್ಕೆ ಮಾತಾಡಬೇಕು ಅಂತ ಅಧ್ಯಕ್ಷರು ಮನೆಗೆ ಬಂದಾಗ ವಿಷಯ ಏನು ಅಂತ ಕೇಳಿದೆ. "ನೀವು ವಿಮೆ ಆಫೀಸಿನಲ್ಲಿದ್ದು ರಿಟೈರ್ ಆದೋರು, ಜನಕ್ಕೆ ಉಪಯೋಗ ಆಗೋದು ಏನಾದ್ರೂ ಹೇಳಿ" ಅಂದರು. ಹಸುವಿನ ವಿಮೆ ಬಗ್ಗೆ ಹೇಳುವ ಅಗತ್ಯ ಇಲ್ಲ. ಕಿವಿಯೋಲೆ ಇಲ್ಲದಿದ್ದರೆ ದುಡ್ಡಿಲ್ಲ ಅನ್ನೋದು ಈ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಮನೆಯ ಮನುಷ್ಯರ ವಿಮೆ ಯಾವತ್ತು ಶುರುವಾಗುತ್ತದೆ, ಯಾವತ್ತು ನಿಲ್ಲುತ್ತದೆ ಅನ್ನೋದು ಮಾತ್ರ ದೊಡ್ಡವರಿಗೂ ಗೊತ್ತಿಲ್ಲ. ಆದ್ದರಿಂದ ಇವತ್ತು ಒಂದೇ ವಿಷಯ ಹೇಳುತ್ತೇನೆ. ಮಗನೋ ಮಗಳೋ ಪೇಟೆಯ ಕೆಲಸ ಬಿಟ್ಟ ದಿನ ಅವರ ಆಸ್ಪತ್ರೆ ಕಾರ್ಡು ಏನಾಗುತ್ತದೆ, ಆಮೇಲೆ ಅದಕ್ಕೆ ನಾವು ತೆರಬೇಕಾದ ಬೆಲೆ ಎಷ್ಟು.

ಸಂಘ ಶುರುವಾದಾಗ ಈ ಊರಿನಲ್ಲಿ ಸಂಬಳ ಎಣಿಸುವ ಮನೆಗಳು ಬೆರಳೆಣಿಕೆಯಷ್ಟಿದ್ದವು. ಈಗ ಬೆಳಗಿನ ಹಾಲು ಅಳೆಯುವ ಹೊತ್ತಿಗೇ ಗಾರ್ಮೆಂಟ್ಸಿನ ಬಸ್ಸು ಬಂದು ನಿಲ್ಲುತ್ತದೆ. ಮೈಸೂರು ರಸ್ತೆ, ಬಿಡದಿ, ಪೀಣ್ಯ ಅಂತ ಮನೆಗೊಬ್ಬರು ಹೊರಟವರೇ. ಹೋದವರು ವಾಪಸ್ಸು ಬರುವುದೂ ಉಂಟು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಎಷ್ಟು ಮಕ್ಕಳು ಚೀಲ ಹೊತ್ತು ಬಂದರು ನೆನಪಿರಬೇಕಲ್ಲ. ಮದುವೆ ಆಯಿತು ಅಂತ ಬಿಡುತ್ತಾರೆ, ಮೇಸ್ತ್ರಿ ಬೈದ ಅಂತ ಬಿಡುತ್ತಾರೆ, ಸ್ವಂತ ಏನಾದರೂ ಮಾಡೋಣ ಅಂತಲೂ ಬಿಡುತ್ತಾರೆ. ಬಿಟ್ಟವರ ಪಿ.ಎಫ್. ದುಡ್ಡಿನ ಬಗ್ಗೆ ಮನೆಮಂದಿಯೆಲ್ಲ ವಿಚಾರಿಸುತ್ತಾರೆ. ಆಸ್ಪತ್ರೆ ಕಾರ್ಡಿನ ಬಗ್ಗೆ ವಿಚಾರಿಸಿದವರನ್ನು ನಾನು ನೋಡಿಲ್ಲ.

ಪಕ್ಕದೂರಿನ ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಮಗ ಒಳ್ಳೆಯ ಕಂಪನಿಯಲ್ಲಿದ್ದ. ಕಂಪನಿ ಕೊಟ್ಟ ಕಾರ್ಡಿನಲ್ಲಿ ಅಪ್ಪ ಅಮ್ಮನ ಹೆಸರೂ ಇತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ. ಕೋಳಿ ಫಾರಂ ಮಾಡುತ್ತೇನೆ ಅಂತ ಹುಡುಗ ತಿಂಗಳ ಕೊನೆಗೆ ಕೆಲಸ ಬಿಟ್ಟ. ಮೂರನೆಯ ವಾರ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೊಟ್ಟರೆ, ಇದು ನಿಂತು ಮೂರು ವಾರ ಆಯ್ತು ಅಂದರು. ಕಾರ್ಡಿನ ಮೇಲೆ ಇನ್ನೂ ಏಳು ತಿಂಗಳ ತಾರೀಖು ಇತ್ತು! ಆ ತಾರೀಖು ಕಂಪನಿ ಮತ್ತು ವಿಮೆಯವರ ಮಧ್ಯದ ಒಪ್ಪಂದದ್ದು, ಹುಡುಗನದ್ದಲ್ಲ. ಹುಡುಗನ ಪಾಲಿಗೆ ಅದು ಕೆಲಸದ ಕೊನೆಯ ದಿನಕ್ಕೇ ಮುಗಿದಿತ್ತು. ಸಂಬಳ ಇದ್ದ ಕಾಲದಲ್ಲಿ ರೇಷನ್ ಕಾರ್ಡು ಎ.ಪಿ.ಎಲ್. ಆಗಿತ್ತು. ಕೆಲಸ ಹೋದರೂ ಕಾರ್ಡಿನ ಬಣ್ಣ ತಾನಾಗಿ ಬದಲಾಗುವುದಿಲ್ಲ. ಸರ್ಕಾರದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದಾಗ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಮಾಡಿದರು. ಎ.ಪಿ.ಎಲ್.ನವರಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇ. 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದದ್ದು ಕೈಯಿಂದ. ಅವರ ಕೊಟ್ಟಿಗೆಯಲ್ಲಿ ಕರೆಯುವ ಹಸು ಎರಡಿದ್ದವು. ಎರಡೂ ಹೋದವು. ಚಿನ್ನ ಇವತ್ತಿಗೂ ಬ್ಯಾಂಕಿನಲ್ಲಿದೆ. ಅಪ್ಪ ಉಳಿದುಕೊಂಡರು, ಅದೊಂದು ಸಮಾಧಾನ.

ಈಗ ಬೇರೆ ಬೇರೆ ಕಾರ್ಡುಗಳ ವಿಚಾರಕ್ಕೆ ಬರೋಣ.

ನಮ್ಮೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಇ.ಎಸ್.ಐ. 1948ರ ಕಾನೂನಿನಿಂದ ಹುಟ್ಟಿದ್ದು ಇದು. 2017ರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದಕ್ಕೆ ಸೇರುತ್ತಾರೆ. ಸಂಬಳ 15,000 ಅಂತ ಇಟ್ಟುಕೊಳ್ಳಿ. 2019ರ ಜುಲೈನಲ್ಲಿ ನಿಗದಿಯಾದ ಲೆಕ್ಕದಂತೆ ಅವರ ಸಂಬಳದಿಂದ ಶೇ. 0.75, ಅಂದರೆ 112 ರೂಪಾಯಿ 50 ಪೈಸೆ ಮುರಿಯುತ್ತಾರೆ. ಮಾಲೀಕರು ಶೇ. 3.25ರಂತೆ 487 ರೂಪಾಯಿ 50 ಪೈಸೆ ಸೇರಿಸುತ್ತಾರೆ. ಒಟ್ಟು ತಿಂಗಳಿಗೆ 600, ವರ್ಷಕ್ಕೆ 7,200. "ನೂರು ರೂಪಾಯಿಗೆ ಏನು ಮಹಾ ಆಸ್ಪತ್ರೆ" ಅಂತ ಇ.ಎಸ್.ಐ. ಕ್ಯೂನಲ್ಲಿ ನಿಂತು ಬೈಯುತ್ತೇವೆ. ಕ್ಯೂ ಉದ್ದ ಇರುವುದು ನಿಜ, ಬೈಯುವುದಕ್ಕೂ ಕಾರಣಗಳಿವೆ. ಆದರೆ ನೂರರ ಹಿಂದೆ ಇನ್ನೊಬ್ಬರು ಐನೂರು ಹಾಕುತ್ತಿದ್ದರು ಅನ್ನೋದು ಕೆಲಸ ಬಿಟ್ಟ ಮೇಲೇ ತಿಳಿಯುತ್ತದೆ. ಆಮೇಲೆ ಆ 600ನ್ನೂ ನಾವೇ ಕಟ್ಟುತ್ತೇವೆ ಅಂತ ಹೋದರೆ ಕಟ್ಟಿಸಿಕೊಳ್ಳುವುದಿಲ್ಲ.

ಹಾಗಂತ ಇ.ಎಸ್.ಐ. ಬಿಟ್ಟ ಮರುದಿನವೇ ನಿಲ್ಲುವುದಿಲ್ಲ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ವರ್ಷವನ್ನು ಎರಡು ಭಾಗ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು, ಅಕ್ಟೋಬರ್‌ನಿಂದ ಮಾರ್ಚಿವರೆಗೆ ಇನ್ನೊಂದು. ಮೊದಲ ಭಾಗದಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ ಅದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಎರಡನೆಯ ಭಾಗದ ಫಲ ಜುಲೈನಿಂದ ಡಿಸೆಂಬರ್‌ವರೆಗೆ. ಈ ಹಿಂದೆಯೂ ಬಿಡದೆ ಕೆಲಸ ಮಾಡಿದ್ದ ಹೆಣ್ಣುಮಗಳು ಆಗಸ್ಟ್ ಕೊನೆಗೆ ಬಿಟ್ಟಳು ಅನ್ನಿ. ಅವಳ 78 ದಿನ ಆಗಿದ್ದರೆ ಮುಂದಿನ ಜೂನ್ ಕೊನೆಯವರೆಗೆ ಅವಳಿಗೂ ಮನೆಯವರಿಗೂ ಇ.ಎಸ್.ಐ. ಚಿಕಿತ್ಸೆ ಉಂಟು. ಇದು ಗೊತ್ತಿಲ್ಲದೆ ಕಾರ್ಡನ್ನು ಒಲೆಗೆ ಹಾಕಿದವರಿದ್ದಾರೆ. ಬಿಡುವುದೇ ಆದರೆ 70 ದಿನಕ್ಕೆ ಬಿಡಬೇಡಿ, ಇನ್ನೊಂದು ವಾರ ಹತ್ತು ದಿನ ತಡೆದುಕೊಳ್ಳಿ ತಾಯಿ.

ಇನ್ನೊಂದು. ಕನಿಷ್ಠ 5 ವರ್ಷ ಇ.ಎಸ್.ಐ.ನಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ತಪ್ಪಿ ಹೇಳುತ್ತಿಲ್ಲ, ನೂರಾ ಇಪ್ಪತ್ತೇ. ಕಾರ್ಖಾನೆಯಿಂದ ನಿವೃತ್ತರಾಗಿ ಬಂದು ಇಲ್ಲಿ ಹಸು ಕಟ್ಟಿರುವವರು ಈ ಸಭೆಯಲ್ಲೇ ಇದ್ದೀರಿ. ಇದನ್ನು ಮಾಡಿಸಿಕೊಂಡವರು ಕೈ ಎತ್ತಿ ನೋಡೋಣ. (ಯಾರೂ ಎತ್ತಲಿಲ್ಲ.)

21,000 ದಾಟಿದವರ ಕಥೆ ಬೇರೆ. ಸಂಬಳ ಏರಿತು ಅಂತ ಸಿಹಿ ಹಂಚುತ್ತಾರೆ. ಆ ಅರ್ಧ ವರ್ಷದ ಅವಧಿ ಮುಗಿದ ಮೇಲೆ ಇ.ಎಸ್.ಐ. ವಂತಿಗೆ ನಿಲ್ಲುತ್ತದೆ. ಅಂಥವರಿಗೆ ಕೆಲವು ಕಂಪನಿಯವರು ಗುಂಪು ವಿಮೆ ಮಾಡಿಸುತ್ತಾರೆ, ಕೆಲವರು ಏನೂ ಮಾಡಿಸುವುದಿಲ್ಲ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ದುಡ್ಡು ಸಿಗುತ್ತದೆ, ಕಂತೂ ಬಹುಪಾಲು ಕಂಪನಿಯದ್ದೇ. ಕೆಲಸ ಬಿಟ್ಟು ಸ್ವಂತ ಪಾಲಿಸಿ ಮಾಡಿಸಲು ಹೋದಾಗ ಎರಡು ಬೆಲೆ ಎದುರಿಗೆ ಬರುತ್ತವೆ. ಒಂದು ರೂಪಾಯಿ ಬೆಲೆ, ಅದು ವಯಸ್ಸು ನೋಡಿ ಏರುತ್ತದೆ. ಇದರಲ್ಲಿ ಒಂದು ಭಾರ ಇಳಿದಿದೆ. 2017ರಿಂದ ಕಂತಿನ ಮೇಲೆ ಶೇ. 18 ಜಿ.ಎಸ್.ಟಿ. ಇತ್ತು, 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗಳಿಗೆ ಅದನ್ನು ತೆಗೆದರು. 10,000 ಕಂತಿಗೆ 1,800 ಉಳಿಯಿತು.

ಎರಡನೆಯದು ವರ್ಷದ ಬೆಲೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟರೆ ಮೊದಲ 30 ದಿನ ಏನೂ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಯಂಥವಕ್ಕೆ 3 ವರ್ಷದವರೆಗೂ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮೊದಲು ಇದು 4 ವರ್ಷ ಇತ್ತು. ಅರವತ್ತು ದಾಟಿದ ಅಪ್ಪನಿಗೆ ದುಡ್ಡು ಕಟ್ಟಿಯೂ 3 ವರ್ಷ ಕಾಯುವುದು ಅಂದರೆ ಏನು, ನೀವೇ ಯೋಚನೆ ಮಾಡಿ.

ಕಾಯಿಲೆ ಬರೆಯಬೇಡಿ, ಕಂತು ಜಾಸ್ತಿಯಾಗುತ್ತೆ ಅಂತ ಹೇಳುವ ಏಜೆಂಟರಿದ್ದಾರೆ. ಅವರ ಮಾತು ಕೇಳಬೇಡಿ. ಹಾಲಿಗೆ ನೀರು ಹಾಕಿದರೆ ಇಲ್ಲಿ ಡಿಗ್ರಿ ನೋಡಿದಾಗ ಗೊತ್ತಾಗುತ್ತದಲ್ಲ, ಅಲ್ಲಿ ಆಸ್ಪತ್ರೆಯ ಹಳೆಯ ಚೀಟಿ ನೋಡಿದಾಗ ಗೊತ್ತಾಗುತ್ತದೆ. ಇಲ್ಲಿ ಹೋಗುವುದು ಒಂದು ಹೊತ್ತಿನ ಹಾಲು, ಅಲ್ಲಿ ಹೋಗುವುದು ಲಕ್ಷಗಟ್ಟಲೆ.

ಇದಕ್ಕೆ ದಾರಿ ಇಲ್ಲವೇ ಅಂದರೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಪ್ರಕಾರ ಗುಂಪು ವಿಮೆಯಲ್ಲಿದ್ದವರು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ದಾಟಿಕೊಳ್ಳಲು ಹಕ್ಕಿದೆ. ಹಾಗೆ ದಾಟಿದರೆ ಗುಂಪಿನಲ್ಲಿ ಕಳೆದ ವರ್ಷಗಳು, ಹಿಂದಿನ ವಿಮೆಯ ಮೊತ್ತದ ಮಟ್ಟಿಗೆ, ಕಾಯುವ ಲೆಕ್ಕದಲ್ಲಿ ಜಮಾ ಆಗುತ್ತವೆ. ಆರೋಗ್ಯ ವಿಚಾರಿಸಿಯೇ ಕಂತು ಹೇಳುತ್ತಾರೆ, ಅಗ್ಗವೇನಲ್ಲ. ಆದರೆ ಅರ್ಜಿಯನ್ನು ಕೆಲಸದಲ್ಲಿರುವಾಗಲೇ, ನೋಟಿಸ್ ಕೊಟ್ಟ ದಿನಗಳಲ್ಲೇ ಹಾಕಬೇಕು. ಯಾವ ತಾರೀಖಿನಿಂದ ಯಾರ ಯಾರ ಹೆಸರು ವಿಮೆಯಲ್ಲಿತ್ತು ಅಂತ ಕಂಪನಿಯಿಂದ ಕಾಗದ ಬರೆಸಿಕೊಳ್ಳಬೇಕು. ಬೀಳ್ಕೊಡುಗೆಯಲ್ಲಿ ಕೊಡುವ ಗಡಿಯಾರಕ್ಕಿಂತ ಆ ಕಾಗದ ಮುಖ್ಯ.

ಕೊನೆಯದಾಗಿ ನಮ್ಮದೇ ಮನೆಯ ಯೋಜನೆ, ಯಶಸ್ವಿನಿ. 2003ರ ಜೂನ್‌ನಲ್ಲಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. ಸಹಕಾರ ಸಂಘದ ಸದಸ್ಯ ಅನ್ನುವುದೇ ಅದರ ಅರ್ಹತೆ. ನೌಕರಿ ಇದೆಯೋ ಅಂತ ಅದು ಕೇಳಲಿಲ್ಲ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದರು. 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು. ಆಗ ನಿಗದಿಯಾದಂತೆ ಗ್ರಾಮೀಣ ಸಂಘಗಳಲ್ಲಿ 4 ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲ್ಪಟ್ಟು ತಲೆಗೆ 100. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆ ಸರ್ಕಾರದ್ದು. ಚಿಕಿತ್ಸೆಯ ಮಿತಿ ಕುಟುಂಬಕ್ಕೆ 5 ಲಕ್ಷ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ದಿನಾ ನುಂಗುವ ಮಾತ್ರೆಗೆ ಇದು ಆಗುವುದಿಲ್ಲ.

ತಿಂಗಳಿಗೆ 30,000ಕ್ಕೆ ಮೇಲ್ಪಟ್ಟ ಸಂಬಳದವರಿಗೆ, ಬೇರೆ ವಿಮೆ ಇರುವವರಿಗೆ ಇದು ಇಲ್ಲ. ಅದು ಸರಿಯೇ. ಆದರೆ ಮಗನ ಕಾರ್ಡು ಬಂತು ಅಂತ ಯಶಸ್ವಿನಿ ಬಿಟ್ಟ ಮನೆಗಳು ಕಾರ್ಡು ಹೋದ ಮೇಲೂ ವಾಪಸ್ಸು ಬಂದಿಲ್ಲ. ನೋಂದಣಿಯ ಬಾಗಿಲು ವರ್ಷಕ್ಕೊಂದು ಸಲ ತೆರೆದು ಮುಚ್ಚುತ್ತದೆ. ಎದೆನೋವು ಬಂದಾಗ ತಟ್ಟಿದರೆ ತೆರೆಯುವುದಿಲ್ಲ. ಇನ್ನೂ ಕೆಲವರು ಹಸು ಮಾರಿ, ಹಾಲು ಹಾಕುವುದು ಬಿಟ್ಟು, ಸಂಘದ ಕಡೆಗೇ ಬರುತ್ತಿಲ್ಲ. ಸದಸ್ಯತ್ವವನ್ನು ಮಾತ್ರ ಬಿಡಬೇಡಿ ಅಂತ ಅವರಿಗೆ ಕೈಮುಗಿದು ಕೇಳುತ್ತೇನೆ. ಇಲ್ಲಿಯ ಷೇರಿಗೂ ಆಸ್ಪತ್ರೆಯ ಹಾಸಿಗೆಗೂ ಸಂಬಂಧ ಇದೆ.

ಆಡಳಿತ ಮಂಡಳಿಗೆ ಒಂದು ವಿನಂತಿ. ನೋಂದಣಿ ಶುರುವಾದ ದಿನವೇ ಮೈಕಿನಲ್ಲಿ ಸಾರಿಸಿ. ಒಪ್ಪಿದವರ 500ನ್ನು ಬಟವಾಡೆಯಲ್ಲೇ ಎರಡು ಮೂರು ಕಂತು ಮಾಡಿ ಹಿಡಿದುಕೊಳ್ಳಿ. ಹಸುವಿನ ಕಿವಿಯೋಲೆ ನಂಬರಿಗೆ ಒಂದು ಪುಸ್ತಕ ಇಟ್ಟಿದ್ದೀರಿ. ಅದರ ಪಕ್ಕದಲ್ಲಿ ಯಾವ ಮನೆಗೆ ಯಾವ ಕಾರ್ಡು, ಎಂದಿನವರೆಗೆ ಅಂತ ಇನ್ನೊಂದು ಪುಸ್ತಕ ಇರಲಿ.

ಸಾಯಂಕಾಲದ ಹಾಲಿನ ಹೊತ್ತಾಯಿತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಮುಂದಿನ ಎರಡು ಭಾನುವಾರ ಬೆಳಗಿನ ಹಾಲು ಅಳೆದಾದ ಮೇಲೆ ನಾನು ಸಂಘದ ಜಗಲಿಯ ಮೇಲೆ ಕೂತಿರುತ್ತೇನೆ. ಇ.ಎಸ್.ಐ. ಕಾರ್ಡು, ಕಂಪನಿ ಕಾರ್ಡು, ರೇಷನ್ ಕಾರ್ಡು, ಏನಿದ್ದರೂ ತನ್ನಿ. ಕೆಲಸ ಬಿಡಬೇಕು ಅಂತ ಇರುವ ಮಕ್ಕಳಿದ್ದರೆ ಅವರನ್ನೂ ಕರಕೊಂಡು ಬನ್ನಿ, ಬಿಟ್ಟ ಮೇಲೆ ಅಲ್ಲ, ಬಿಡುವ ಮೊದಲು.