ಶೌಚಾಲಯದ ಬೀಗ ತೆಗೆಯಿರಿ, ಕನ್ನಡ ಶಾಲೆ ಉಳಿಯುತ್ತದೆ!

(ಬೆಂಗಳೂರಿನ ಬಡಾವಣೆಯೊಂದರ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿಗೇ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಮೊಳೆ ಜೋಡಿಸುವುದರಿಂದ ಶುರು ಮಾಡಿ ಈಗ ಆಫ್‌ಸೆಟ್ ನಡೆಸುತ್ತಿದ್ದೇನೆ. ಆದ್ದರಿಂದ ಪ್ರೆಸ್ಸಿನಿಂದಲೇ ಮಾತು ತೆಗೆಯುತ್ತೇನೆ.

ಪ್ರತಿ ಏಪ್ರಿಲ್‌ನಲ್ಲಿ ನನಗೆ ಶಾಲೆಗಳ ಕರಪತ್ರದ ಕೆಲಸ ಬರುತ್ತದೆ. ಎಲ್ಲವೂ ಖಾಸಗಿ ಇಂಗ್ಲಿಷ್ ಮಾಧ್ಯಮದವು. ಅವುಗಳಲ್ಲಿ ಏನಿರುತ್ತದೆ? ಕಟ್ಟಡ, ಲ್ಯಾಬು, ಕಂಪ್ಯೂಟರ್ ಕೊಠಡಿ, ಮೈದಾನ, ಬಸ್ಸು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸರ್ಕಾರಿ ಪ್ರೌಢಶಾಲೆಯ ಕರಪತ್ರ ನನ್ನ ಮೆಷಿನ್ನಿನಲ್ಲಿ ಓಡಿಲ್ಲ. ತೋರಿಸಲು ಏನಾದರೂ ಇದ್ದರೆ ತಾನೆ!

ಈಗ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಓದಿದ ಸರ್ಕಾರಿ ಪ್ರೌಢಶಾಲೆಗೇ ಮಗಳನ್ನು ಸೇರಿಸಬೇಕೆಂದು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಹುಡುಗಿಯರ ಶೌಚಾಲಯಕ್ಕೆ ಬೀಗ. "ನೀರಿಲ್ಲ, ಅದಕ್ಕೇ ಬೀಗ ಹಾಕಿದ್ದೇವೆ ಸ್ವಾಮಿ" ಎಂದರು ಹೆಡ್‌ಮಾಸ್ಟರು. ವಿಜ್ಞಾನದ ಕೋಣೆಯಲ್ಲಿ ಮುರಿದ ಬೆಂಚುಗಳ ರಾಶಿ. ಯಾರೋ ದಾನ ಕೊಟ್ಟ ಸ್ಮಾರ್ಟ್ ಬೋರ್ಡಿನಲ್ಲಿ ಇಂಗ್ಲಿಷ್ ಪಾಠಗಳು ಮಾತ್ರ. ಅದಕ್ಕೆ ಬಟ್ಟೆ ಹೊದಿಸಿದ್ದರು. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಹತ್ತರಿಂದ ನಾಲ್ಕರ ತನಕ ಹುಡುಗಿ ಏನು ಮಾಡಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಖಾಸಗಿ ಶಾಲೆಗೆ ಹೋದಳು. ಬಂಧುಗಳೇ, ನಾವು ಕನ್ನಡವನ್ನು ಬಿಟ್ಟು ಹೋಗಲಿಲ್ಲ, ಆ ಬೀಗವನ್ನು ಕಂಡು ಹೋದೆವು!

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. ಇನ್ನು ತಂದೆತಾಯಿಯರು ತಾವಾಗಿಯೇ ಬರಬೇಕು. ಸೋರುವ ಸೂರಿನ ಕೆಳಗೆ ಯಾರು ಬರುತ್ತಾರೆ?

ಆಗುವುದಿಲ್ಲ ಎನ್ನುವವರು ಪಕ್ಕದ ಕೇರಳದ ಕೋಳಿಕ್ಕೋಡ್ ನಗರವನ್ನು ನೋಡಲಿ. ಅಲ್ಲಿನ ನಡಕ್ಕಾವು ಸರ್ಕಾರಿ ಬಾಲಕಿಯರ ಶಾಲೆಗೆ ನೂರು ವರ್ಷ ದಾಟಿದೆ. ಅಂದಿನ ಶಾಸಕ ಎ. ಪ್ರದೀಪ್ ಕುಮಾರ್ 'ಪ್ರಿಸಂ' ಎಂಬ ಯೋಜನೆ ಹಿಡಿದು ನಿಂತರು. ಫೈಸಲ್ ಮತ್ತು ಶಬಾನಾ ಪ್ರತಿಷ್ಠಾನ ಕೋಟಿಗಟ್ಟಲೆ ಹಣ ಕೊಟ್ಟಿತು. 2013ರಲ್ಲಿ ಶಾಲೆ ಹೊಸ ರೂಪದಲ್ಲಿ ಎದ್ದು ನಿಂತಿತು: ಲ್ಯಾಬು, ಗ್ರಂಥಾಲಯ, ಅಡುಗೆಮನೆ, ಆಟದ ಮೈದಾನ. ದಾನಿಗಳು ಬಂದರೂ ಶಾಲೆ ಸರ್ಕಾರದ್ದಾಗಿಯೇ ಉಳಿಯಿತು. ಆಮೇಲೆ ಇಡೀ ರಾಜ್ಯವೇ ಎದ್ದಿತು. 2018ರಿಂದ 8ರಿಂದ 12ನೇ ತರಗತಿವರೆಗಿನ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವ ಕೆಲಸ ನಡೆಯಿತು.

ಅದೇ ಕೇರಳ 2017ರಲ್ಲಿ ಮಲಯಾಳಂ ಕಡ್ಡಾಯ ಮಾಡಲು ಹೊರಟಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಆ ಜಗಳದಲ್ಲಿ ನಾವು ಅವರ ಪರ. ಆದರೆ ಶಾಲೆ ಕಟ್ಟುವ ಛಲವನ್ನು ನೆರೆಯವರಿಂದ ಕಲಿತರೆ ಅವಮಾನವೇನೂ ಇಲ್ಲ.

1982ರ ಗೋಕಾಕ್ ಚಳವಳಿ ನಡೆದದ್ದೇ ಪ್ರೌಢಶಾಲೆಯಲ್ಲಿ ಕನ್ನಡದ ಸ್ಥಾನಕ್ಕಾಗಿ. ಡಾ. ರಾಜ್ ಕರೆಗೆ ನಾಡೇ ಓಗೊಟ್ಟಿತು. ಅಂದು ಹಿರಿಯರು ಅಂಕಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಕೇಳಿದರು. ಇಂದು ಕನ್ನಡ ಕಲಿಯುವ ಮಕ್ಕಳಿಗೆ ಒಳ್ಳೆಯ ಜಾಗ ಕೇಳುವ ಸರದಿ ನಮ್ಮದು.

ನಮ್ಮ ಬೇಡಿಕೆ ಮೂರೇ:

1. ನಗರದ ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲಿ ನೀರು, ಬೀಗವಿಲ್ಲದ ಶೌಚಾಲಯ, ನಡೆಯುವ ಲ್ಯಾಬು.

2. ಸರ್ಕಾರ ಕೊಳ್ಳಲಿ, ದಾನಿ ಕೊಡಲಿ, ಕಂಪ್ಯೂಟರಿನಲ್ಲೂ ಬೋರ್ಡಿನಲ್ಲೂ ಪಾಠ ಕನ್ನಡದಲ್ಲಿರಬೇಕು. ಮೊಳೆಯಿಂದ ಯೂನಿಕೋಡ್‌ವರೆಗೆ ಕನ್ನಡ ಅಕ್ಷರ ನನ್ನ ಪ್ರೆಸ್ಸಿನಲ್ಲಿ ಎಲ್ಲೂ ಹಿಂದೆ ಬಿದ್ದಿಲ್ಲ. ಶಾಲೆಯಲ್ಲಿ ಏಕೆ ಬೀಳಬೇಕು?

3. ಕಟ್ಟಡ ಹಳೆಯದಾಯಿತು, ಮಕ್ಕಳಿಲ್ಲ ಎಂಬ ನೆಪ ಹೇಳಿ ಶಾಲೆ ಮುಚ್ಚಬಾರದು. ಮೊದಲು ದುರಸ್ತಿ, ಆಮೇಲೆ ಲೆಕ್ಕ.

ಇದು ಸರ್ಕಾರಕ್ಕೆ. ನಮ್ಮ ಪಾಲು? ಹಳೆಯ ವಿದ್ಯಾರ್ಥಿಗಳು ಬರುವ ಭಾನುವಾರ ಶಾಲೆಯ ಅಂಗಳದಲ್ಲಿ ಸೇರೋಣ. ಪ್ಲಂಬರ್ ಇದ್ದವರು ಬನ್ನಿ, ಗಾರೆ ಕೆಲಸದವರು ಬನ್ನಿ. ಬೀಗ ತೆಗೆದ ದಿನ ಆ ಶಾಲೆಯ ಕರಪತ್ರವನ್ನು ನಾಲ್ಕು ಬಣ್ಣದಲ್ಲಿ, ಒಂದು ಪೈಸೆ ತೆಗೆದುಕೊಳ್ಳದೆ ನಾನು ಅಚ್ಚು ಹಾಕಿಕೊಡುತ್ತೇನೆ. ನನ್ನ ಮಗಳಿಗೆ ಸಿಗದದ್ದು ನಿಮ್ಮ ಮಗಳಿಗಾದರೂ ಸಿಗಲಿ.

ಸಿರಿಗನ್ನಡಂ ಗೆಲ್ಗೆ!